ಸಹಿಯಿಲ್ಲದ ಕವರ್

ಎಣಿಕೆ ಶುರುವಾಗಿ ಹದಿನೇಳು ದಿನವಾಗಿತ್ತು. ನಾನು ಏಳೇ ಏಳು ಮತಗಳಿಂದ ಮುಂದಿದ್ದೆ. ಅದರ ಖುಷಿಗಿಂತ, ಇದೆಲ್ಲ ಯಾವಾಗ ಮುಗಿದೀತು ಎಂಬ ಸುಸ್ತೇ ಹೆಚ್ಚಾಗಿತ್ತು.

ಲಾಸ್ ಏಂಜಲೀಸ್‌ನ ವುಡ್‌ಲ್ಯಾಂಡ್ ಹಿಲ್ಸ್ ಬಡಾವಣೆಯ ಬ್ಯಾಂಕೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದವನು ನಾನು, ಮಹಾಂತಪ್ಪ. ಇಲ್ಲಿಯವರ ಬಾಯಲ್ಲಿ ಮ್ಯಾಕ್ಸ್. ಕೋವಿಡ್ ವರ್ಷ ಅಂಗಡಿ ಮುಚ್ಚಿ ಕೂತವರಿಗೆ ಸಾಲದ ಅರ್ಜಿ ತುಂಬಿಕೊಟ್ಟೆ. ಅವರೇ ಹುರಿದುಂಬಿಸಿ ಚುನಾವಣೆಗೆ ನಿಲ್ಲಿಸಿದರು. ೨೦೨೨ರಲ್ಲಿ ಗೆದ್ದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯನಾದೆ; ಈಗಿನದು ಎರಡನೇ ಚುನಾವಣೆ.

ಕಾನೂನು ಮಾಡುತ್ತೇನೆ ಅಂದುಕೊಂಡಿದ್ದೆ. ಮಾಡಿದ್ದು ಬರೀ ಫೋನು. ವಾಷಿಂಗ್ಟನ್ನಿನಲ್ಲಿ ಪಕ್ಷದ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ದಿನಕ್ಕೆ ಮೂರು ತಾಸು ಗುರುತಿಲ್ಲದವರಿಗೆ ಚಂದಾ ಕೇಳುವುದು. ಗುರುವಾರ ಲಾಸ್ ಏಂಜಲೀಸ್ ವಿಮಾನ, ಸೋಮವಾರ ವಾಪಸ್. ಪೋರ್ಟರ್ ರ್ಯಾಂಚ್‌ನ ಮನೆಯಲ್ಲಿ ಹೆಂಡತಿ ಶಂಕ್ರವ್ವ ಒಬ್ಬಳೇ ಉಂಡು ಉಂಡು ಬೇಸತ್ತಳು. ಸ್ಯಾನ್ ಡಿಯೇಗೊದ ಮೀರಾ ಮೆಸಾದಲ್ಲಿರುವ ಮಗಳ ಮನೆಗೆಂದು ನಾಲ್ಕು ದಿನಕ್ಕೆ ಹೋದವಳು ತಿರುಗಿ ಬರಲಿಲ್ಲ. ನಾನು ಕರೆಯಲೂ ಇಲ್ಲ. ಪುರುಸೊತ್ತಿರಲಿಲ್ಲ ಎನ್ನಲು ನಾಚಿಕೆಯಾಗುತ್ತದೆ, ಆದರೆ ಅದೇ ನಿಜ. ಮನೆಗೆ ಬಂದ ಅವಳ ಮತಪತ್ರವನ್ನು ಮಾತ್ರ ಮರೆಯದೆ ಅಲ್ಲಿಗೆ ಕಳಿಸಿದ್ದೆ.

ಇಲ್ಲಿ ಮತ ಹಾಕಿ ಅಂಚೆಯಲ್ಲಿ ಕಳಿಸುತ್ತಾರೆ. ಕವರಿನ ಮೇಲೆ ಸಹಿಯಿಲ್ಲದಿದ್ದರೆ ಒಡೆಯದೆ ಬದಿಗಿಡುತ್ತಾರೆ; ಮತದಾರರು ಒಂದು ಫಾರಂಗೆ ಸಹಿ ಹಾಕಿಕೊಟ್ಟರೆ ಎಣಿಸುತ್ತಾರೆ. ಸಹಿ ಬಿಟ್ಟವರ ಪಟ್ಟಿ ನೋಡುತ್ತಿದ್ದ ಓಂಪ್ರಕಾಶ್, ನನ್ನ ಪ್ರಚಾರದ ಉಸ್ತುವಾರಿ, ಸುಮ್ಮನೆ ಕೆಮ್ಮಿದ.

"ಅಂಕಲ್, ಇದ್ರಲ್ಲಿ ಆಂಟಿ ಹೆಸರಿದೆ."

"ಮರತಿರಬೇಕು ಬಿಡು. ನಾನ ಹೋಗಿ ಬರ್ತೀನಿ."

ಫಾರಂ ಹಿಡಿದು ಮೂರು ತಾಸು ಡ್ರೈವ್ ಮಾಡಿದೆ. ಬಾಗಿಲು ತೆಗೆದ ಮಗಳು ವೈಷ್ಣವಿ, "ಡ್ಯಾಡ್, ಬಿ ನೈಸ್" ಎಂದಷ್ಟೇ ಹೇಳಿ ಮಹಡಿ ಹತ್ತಿದಳು. ಶಂಕ್ರವ್ವ ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಫಾರಂ ಮುಂದಿಟ್ಟೆ.

"ಸಹಿ ಮಾಡೂದು ಮರತೀ ನೋಡು."

"ಮರತಿಲ್ರೀ." ಅವಳು ತಲೆಯೆತ್ತಲಿಲ್ಲ. "ಒಳಗ ನಿಮಗ ಹಾಕಿಲ್ಲ. ಆ ಇನ್ನೊಬ್ಬಾಂವಗ ಹಾಕೀನಿ. ಸೋತರ ಮನೀಗೆ ಬರ್ತೀರಿ ಅನಿಸ್ತು. ಆಮ್ಯಾಲ ಸಹಿ ಮಾಡಾಕ ಕೈ ಬರಲಿಲ್ಲ. ಹಂಗ ಪೋಸ್ಟಿಗೆ ಹಾಕಿಬಿಟ್ಟೆ."

ಮೊದಲು ಸಿಟ್ಟು ಬಂತು. ಕಂಡಕಂಡವರಿಗೆಲ್ಲ ಕೈಮುಗಿದವನಿಗೆ ಮನೆಯ ಮತವೇ ಇಲ್ಲ! ಫಾರಂ ಮಡಚಿ ಜೇಬಿಗಿಟ್ಟು ಎದ್ದುಬಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಅವಳ ಮುಖ ನೋಡಿದೆ. ಕಣ್ಣ ಕೆಳಗೆ ಕಪ್ಪಾಗಿತ್ತು, ಯಾವಾಗಿನಿಂದಲೋ ನನಗೆ ತಿಳಿಯದು.

ಪೆನ್ನು ಕೊಟ್ಟೆ. "ಮಾಡು ಸಹಿ."

"ನಿಮಗ ತ್ರಾಸ ಆಗತೈತಿ."

"ಆಗಲಿ. ನಿನ್ನ ವೋಟು ನಿಂದು. ನಾನ ಒಯ್ದು ಕೊಡ್ತೀನಿ."

ಅವಳು ಕೈ ಒರೆಸಿಕೊಂಡು ಸಹಿ ಮಾಡಿದಳು. ಫಾರಂ ನನ್ನತ್ತ ಸರಿಸಿದಳು.

"ಟಿವಿಯಾಗ ಏಳು ಅಂದ್ರು. ಇದನ್ನ ಎಣಿಸಿದ್ರೂ ಆರು ಉಳೀತಾವು," ಎಂದಳು. "ಇನ್ನೂ ಗೆಲ್ತೀರಲ್ರೀ."

ಅಷ್ಟು ಹೇಳಿ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟಳು. ನಾನು ಗೆಲ್ಲುವ ಮೊದಲೇ ಅವಳ ಕ್ಷಮೆ ಕೇಳಿದೆ.