ದೋಣಿ ಕಟ್ಟುವ ಮರ

ಪಣಂಬೂರಿನ ಆಚೆ, ಕಡಲ ದಂಡೆಯಲ್ಲೇ ನಮ್ಮ ಮನೆ. ಮಳೆಗಾಲಕ್ಕೆ ಮೀನುಗಾರಿಕೆ ನಿಂತಾಗ ನನ್ನ ಗಂಡ ವಾಸು ದೋಣಿಯನ್ನು ಮೇಲೆಳೆದು ತೆಂಗಿನ ಮರಕ್ಕೆ ಕಟ್ಟುತ್ತಾರೆ. ನಾನು ಮದುವೆಯಾಗಿ ಬಂದಾಗ ಮನೆಯೆದುರು ಆರು ಸಾಲು ತೆಂಗು ಇತ್ತು. ಒಂದು ಸಾಲನ್ನು ಕಡಲು ನುಂಗಿದರೆ ಇವರು ಹಿಂದಿನ ಸಾಲಿಗೆ ಕಟ್ಟುತ್ತಿದ್ದರು. ಬೇರೆ ಕಡೆ ಹೋಗುವ ಎಂದರೆ, “ಹೆದರುವುದೆಂತಕ್ಕೆ ಮಾರಾಯ್ತಿ, ಇನ್ನೂ ಮರ ಉಂಟಲ್ಲ” ಎಂಬ ಒಂದೇ ಮಾತು. ನನಗೆ ಮೈ ಉರಿಯುತ್ತಿತ್ತು.

ಇವತ್ತು ಸಂಜೆ ಅಲೆಯ ನೀರು ಅಂಗಳಕ್ಕೇ ಹಾರುತ್ತಿತ್ತು. ಮಗಳು ತೃಷಾ ಒಳಗೆ ಕೂತು ಪರೀಕ್ಷೆಗೆ ಓದುತ್ತಿದ್ದಳು. ನದಿಯ ದಂಡೆಯ ಯಾವುದೋ ಹಳೇ ನಗರ ಹಾಳಾದ ಪಾಠ.

“ಅವರಿಗೆ ಮೊದಲೇ ಗೊತ್ತಾಗಲಿಲ್ವಾ?” ಎಂದು ಕೇಳಿದೆ.

“ಗೊತ್ತಿತ್ತಮ್ಮ. ನೆರೆ ಬಂದಾಗಲೆಲ್ಲ ಹಳೇ ಗೋಡೆಯ ಮೇಲೆಯೇ ಹೊಸ ಗೋಡೆ ಕಟ್ಟಿದರು. ಅದೇ ಅಭ್ಯಾಸ ಆಗಿಹೋಯಿತು.”

“ಆಮೇಲೆ ಅಲ್ಲಿಗೆ ಯಾರು ಬಂದರು?”

“ಯಾರೂ ಇಲ್ಲ. ಮಣ್ಣು ಬಂತು.”

ಅಷ್ಟರಲ್ಲಿ ಹೊರಗೆ ಏನೋ ಕಿರ್ರೆಂದಿತು, ಮಾಡಿನ ಹೆಂಚು ನಡುಗಿತು. ಓಡಿಹೋಗಿ ನೋಡಿದೆ. ವಾಸು ಎಂದಿನ ನಿಶ್ಚಿಂತೆಯಲ್ಲಿ, ದೋಣಿಯ ಹಗ್ಗವನ್ನು ನಮ್ಮ ಜಗಲಿಯ ಕಂಬಕ್ಕೆ ಬಿಗಿಯುತ್ತಿದ್ದರು.