ಒಂಟಿ ಮೆಮೊರಿ

ನಾಗರಪಂಚಮಿಗೆ ಐದು ದಿನ ಉಳಿದಿತ್ತು. ಲಿಂಗಸೂಗೂರಿನ ಅಣ್ಣ ತವರಿಗೆ ಕರೆಯಲು ಬರುವ ಸುದ್ದಿಯಿಲ್ಲ ಎಂದು ಹುಸೇನಮ್ಮ ಒಳಗೊಳಗೇ ಬೇಯುತ್ತಿದ್ದರೆ, ಗಂಡ ಪಂಪಣ್ಣನಿಗೆ ಕಂಪ್ಯೂಟರಿನ ಮೆಮೊರಿಯದೇ ಚಿಂತೆ. ಮಸ್ಕಿಯಲ್ಲಿ ಇಬ್ಬರೂ ಸೇರಿ ನಡೆಸುವ ಅಂಗಡಿ. ಮದುವೆ ಕಾರ್ಡು, ಹ್ಯಾಂಡ್‌ಬಿಲ್ಲು, ಅರ್ಜಿ ಎಲ್ಲ ಒಂದೇ ಮಷೀನಿನಲ್ಲಿ. ತೊಂಬತ್ತೆಂಟರ ಆ ಶ್ರಾವಣಕ್ಕೆ ಅದಕ್ಕೆ ಏನಾಯಿತೋ, ಕಾರ್ಡಿಗೊಂದು ಗಣಪತಿ ಚಿತ್ರ ಹಾಕಿದರೆ ಸಾಕು, ಮುನಿಸಿಕೊಂಡು ನಿಂತುಬಿಡುತ್ತಿತ್ತು.

ಹುಸೇನಮ್ಮನ ಅಣ್ಣ ಗೋಪಣ್ಣನದೂ ಇಂಥದೇ ಅಂಗಡಿ. ಎರಡು ವರ್ಷದ ಹಿಂದೆ ಎರಡೂ ಕಂಪ್ಯೂಟರ್ ಒಂದೇ ದಿನ, ಒಂದೇ ಟೆಂಪೋದಲ್ಲಿ ಬಂದಿದ್ದವು. ಅಚ್ಚು ಹಾಕಿದಂತಿದ್ದ ಆ ಎರಡರಲ್ಲಿ ಯಾವುದು ಜೋರು ಎಂದು ಒಂದು ದಿನ ಉಣ್ಣುತ್ತ ಕೂತಾಗ ವಾದ ಹತ್ತಿ, ಗಂಡಸರಿಬ್ಬರೂ ಮಾತು ಬಿಟ್ಟಿದ್ದರು. ಕೇಳಿದವರು ನಕ್ಕಾರು. ಹುಸೇನಮ್ಮನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಹೋದ ಪಂಚಮಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೊರಟಾಗ ಅವಳು ಬಾಗಿಲು ಹಾಕಿಕೊಂಡು ಅತ್ತಿದ್ದಳು. ಕರೆಯದೆ ಹೋಗುವುದಾದರೂ ಹೇಗೆ?

ಸಿಂಧನೂರಿಗೆ ಮೆಮೊರಿ ತರಲು ಹೊರಟ ಗಂಡನಿಗೆ, ಮುಚ್ಚಳ ಬಿಚ್ಚಿ ಒಳಗಿನದನ್ನು ನೋಡಿಕೊಂಡು ಹೋಗಬಾರದೇ ಎಂದಳು. ಆಯುಧಪೂಜೆಗೆ ವಿಭೂತಿ ಹಚ್ಚಿ ಕೈಮುಗಿದ ಡಬ್ಬಿ ಅದು. ಬಿಚ್ಚಲು ಅವನಿಗೆ ಪುಕಪುಕ. ಆದರೆ ಹಾಗೆಂದು ಬಾಯಿಬಿಟ್ಟು ಹೇಳಿಯಾನೇ?

“ಎರಡು ವರ್ಷ ಬಾಳೇವು ಮಾಡೀನಿ ಅದರ ಜೋಡಿ. ನನಗ ಗೊತ್ತಿಲ್ಲೇನು?” ಎಂದು ಬಸ್ಸು ಹತ್ತಿದ.

ಸಿಂಧನೂರಿನಲ್ಲಿ ಕಂಪ್ಯೂಟರ್ ಅಂಗಡಿಯ ಖಾದರಬಾಷಾ ಸುಮ್ಮನೆ ಕೊಡಲಿಲ್ಲವಂತೆ. ಹಳೆಯದನ್ನು ತಂದಿದ್ದೀರಾ, ಮೆಮೊರಿ ಕೂರಿಸಲು ಎಷ್ಟು ಖಾನೆ ಇವೆ ಎಂದೆಲ್ಲ ಕೇಳಿ, ಈ ನಮೂನೆಯ ಮಷೀನಿಗೆ ಒಂದೇ ಅಳತೆಯ ಎರಡು ಮೆಮೊರಿ ಪಟ್ಟಿ ಜೋಡಿಯಾಗಿ ಹಾಕಬೇಕು ಎಂದೂ ಹೇಳಿದನಂತೆ. ಎರಡು ಯಾಕೆ, ದೊಡ್ಡದೊಂದು ಕೊಡು ಎಂದು ನಮ್ಮ ಜಾಣ ಹದಿನಾರು ಎಂಬಿಯದು ಒಂದೇ ತಂದ.

ಚಪ್ಪಲಿ ಬಿಟ್ಟು, ಊದಿನಕಡ್ಡಿ ಹಚ್ಚಿ, ಮುಚ್ಚಳ ತೆಗೆದ. ಒಳಗೆ ನಾಲ್ಕು ಖಾನೆ. ಎರಡರಲ್ಲಿ ನಾಲ್ಕು ನಾಲ್ಕು ಎಂಬಿಯ ಹಳೆಯ ಪಟ್ಟಿಗಳು ಪಕ್ಕಪಕ್ಕ ಕೂತಿದ್ದವು. ಮೂರನೆಯದಕ್ಕೆ ಹೊಸದನ್ನು ಒತ್ತಿ ಸ್ವಿಚ್ ಹಾಕಿದರೆ, ಪರದೆಯ ಮೇಲೆ ಮೆಮೊರಿಯ ಎಣಿಕೆ ಟಕಟಕ ಏರಿ, ಎಂದಿನ ಎಂಟು ಸಾವಿರದ ಚಿಲ್ಲರೆಗೇ, ಅಂದರೆ ಹಳೆಯ ಎಂಟು ಎಂಬಿಗೇ ನಿಂತಿತು. ಮತ್ತೆ ಆರಿಸಿ ಹಚ್ಚಿದ. ಅಷ್ಟೇ.

“ಹೊಸಾದೈತಿ, ಹೊಂದ್ಕೊಳ್ಳಾಕ ಟೈಂ ಹಿಡೀತೈತಿ,” ಎಂದ, ಮನೆಗೆ ಬಂದ ಸೊಸೆಯ ಮಾತಾಡುವವನಂತೆ. ಎರಡು ತಾಸು ಕಾದು, ಬೆವರಿ, ಪಟ್ಟಿಯನ್ನು ಕಿತ್ತು ಮೇಜಿನ ಖಾನೆಗೆ ಹಾಕಿದ.

ಮರುದಿನ ಹುಸೇನಮ್ಮ ತಡೆಯಲಾರದೆ ದಾವಲ್‌ಸಾಬನ ಎಸ್‌ಟಿಡಿ ಬೂತಿನಿಂದ ಅತ್ತಿಗೆ ಜೋಗಮ್ಮನಿಗೆ ಫೋನು ಮಾಡಿದಳು. ಅಣ್ಣ ಬರುತ್ತಾನೋ ಎಂದು ಕೇಳಲು ಬಾಯಿ ಬರಲಿಲ್ಲ. ಗಂಡನ ಮೆಮೊರಿಯ ಕಥೆ ಹೇಳಿದಳು. ಆ ಕಡೆ ಜೋಗಮ್ಮ ನಕ್ಕು ನಕ್ಕು ಸುಸ್ತಾದಳು. ಎಂಟು ದಿನದ ಹಿಂದೆ ಗೋಪಣ್ಣನೂ ಅದೇ ಖಾದರಬಾಷಾನ ಹತ್ತಿರ ಒಂದೇ ಒಂದು ತಂದು, ಅದು ನಡೆಯದೆ, ಯಾರಿಗೂ ಹೇಳದೆ ಹಾಸಿಗೆಯ ಕೆಳಗೆ ಬಚ್ಚಿಟ್ಟಿದ್ದನಂತೆ!

ಸಂಜೆ ಅತ್ತಿಗೆ ನಾದಿನಿ ಇಬ್ಬರೂ ತಂತಮ್ಮ ಗಂಡಂದಿರ ಪಟ್ಟಿ ಕೈಯಲ್ಲಿ ಹಿಡಿದು ಮತ್ತೆ ಫೋನಿಗೆ ನಿಂತರು. ಎತ್ತಿನ ಹಲ್ಲು ನೋಡುವಂತೆ ಅದರ ಅಂಚಿನ ಹೊಳೆಯುವ ಹಲ್ಲು ಎಣಿಸಿದರು. ಅಲ್ಲೂ ಎಪ್ಪತ್ತೆರಡು, ಇಲ್ಲೂ ಎಪ್ಪತ್ತೆರಡು. ಮೇಲಿನ ಅಕ್ಷರ, ಅಂಕಿ ಒಂದೊಂದಾಗಿ ಓದಿದರು. ವೇಗ ಹೇಳುವ ಕೊನೆಯ ಅರವತ್ತೂ ತಾಳೆಯಾಯಿತು. ಲಾಟರಿ ಹತ್ತಿತೇನೋ ಎಂದು ದಾವಲ್‌ಸಾಬ ಕಣ್ಣರಳಿಸಿ ನೋಡುತ್ತಿದ್ದ. ಖಾದರಬಾಷಾನ ಒಂದು ಜೋಡಿಯನ್ನು ಈ ಇಬ್ಬರು ಮಹಾಶಯರು ಎರಡೂರಿಗೆ ಹಂಚಿಕೊಂಡು ಕೂತಿದ್ದರು. ಇನ್ನು ನನಗೆ ಬಿಡು ಎಂದಳು ಜೋಗಮ್ಮ.

ಪಂಚಮಿಗೆ ಎರಡು ದಿನವಿರುವಾಗ ಗೋಪಣ್ಣ ಲಿಂಗಸೂಗೂರಿನ ಬಸ್ಸಿನಿಂದ ಇಳಿದ. ನೇರ ಅಂಗಡಿಗೆ ಬಂದು, ಕೀಲಿಮಣೆ ಒರೆಸುವ ನೆವದಲ್ಲಿ ತಲೆ ತಗ್ಗಿಸಿದ್ದ ಪಂಪಣ್ಣನ ಮುಂದೆ ಪೊಟ್ಟಣ ಇಟ್ಟ. ಒಂದೊಂದು ಇಟ್ಟುಕೊಂಡು ಕೂತರೆ ಯಾರಿಗೂ ಉಪಯೋಗವಿಲ್ಲ ಎಂದ. ಪಂಪಣ್ಣ ಮೇಜಿನ ಖಾನೆ ಎಳೆದ. ಈ ಸಲ ಇಬ್ಬರೂ ಅವಸರ ಮಾಡಲಿಲ್ಲ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಹಿಡಿದು, ಅಕ್ಷರ ಅಕ್ಷರ ಓದಿ, ಆಮೇಲೆ ಕೂರಿಸಿದರು. ಎಣಿಕೆ ಎಂಟು ಸಾವಿರ ದಾಟಿ ನಲವತ್ತು ಸಾವಿರಕ್ಕೆ ಏರಿತು. ಗಣಪತಿಯೂ ತಕರಾರಿಲ್ಲದೆ ಕಾರ್ಡಿನ ಮೇಲೆ ಕೂತ.

ಹುಸೇನಮ್ಮ ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಬಂದ ಕೆಲಸ ಮುಗಿಯಿತಲ್ಲ, ಅಣ್ಣ ಹೀಗೇ ಮುಂದಿನ ಬಸ್ಸಿಗೆ ಎದ್ದು ಹೋದರೆ ಎಂದು ಅವಳ ಜೀವ ಹೊಯ್ದಾಡುತ್ತಿತ್ತು.

ಖುಷಿಯಲ್ಲಿದ್ದ ಪಂಪಣ್ಣನಿಗೆ ಬಾಯಿ ಹತೋಟಿಯಲ್ಲಿರಲಿಲ್ಲ. “ಇಷ್ಟಕ್ಕ ನೀವ್ಯಾಕ ಬರಾಕ ಹೋದ್ರಿ? ಕಂಡಕ್ಟರ್ ಕೈಯಾಗ ಕೊಟ್ಟಿದ್ರ ಬರತಿತ್ತಲ್ಲ.”

“ಮೆಮೊರಿ ಆದ್ರ ಕಂಡಕ್ಟರ್ ತರತಿದ್ದ,” ಎಂದ ಗೋಪಣ್ಣ. ತಂಗಿಯ ಮುಖ ನೋಡಲು ಅವನಿಗೆ ಆಗುತ್ತಿರಲಿಲ್ಲ. “ತಂಗೀನ ಕರಕೊಂಡು ಹೋಗಾಕ ಅಣ್ಣನೇ ಬರಬೇಕಲ್ಲ.”

ಹುಸೇನಮ್ಮ ಚಹಾವನ್ನು ಕಂಪ್ಯೂಟರಿನ ಮೇಲೆಯೇ ಇಟ್ಟು, ಕಣ್ಣೊರೆಸಿಕೊಳ್ಳುತ್ತ ಸೀರೆ ಮಡಚಲು ಒಳಗೆ ಓಡಿದಳು.