ನಂಬರ್ ಕೂಡಿದ ಗಾಡಿ

ಕ್ಯಾಜ್ ದುದೆಕ್ ಪ್ರಾಯದಲ್ಲಿ ತನ್ನ ಶೆವೆಲ್ ಕಾರಿನ ಎಂಜಿನ್ ಚಾಲೂ ಮಾಡಿದನೆಂದರೆ ಡೆಟ್ರಾಯಿಟ್ ನದಿಯಾಚೆ ಕೆನಡಾದ ಕೋಳಿಗಳು ಹೊತ್ತಿಗೆ ಮೊದಲೇ ಮೊಟ್ಟೆ ಇಡುತ್ತಿದ್ದವು. ಸುಳ್ಳೆನ್ನುವವರು ಹೋಗಿ ಕೋಳಿಗಳನ್ನೇ ಕೇಳಬಹುದು. ವುಡ್‌ವರ್ಡ್ ರಸ್ತೆಯಲ್ಲಿ ಅವನು ಒಮ್ಮೆ ಕಾಲೊತ್ತಿದರೆ ಟೈರಿನ ಹೊಗೆ ಕವಿದು ಆಚೀಚೆಯ ಅಂಗಡಿಗಳಲ್ಲಿ ಹಗಲೇ ದೀಪ ಹಚ್ಚುತ್ತಿದ್ದರು. ಹಿಡಿಯಲು ಬಂದ ಪೊಲೀಸರು ಹಿಡಿಯಲಾಗದೆ, ಟೋಪಿ ತೆಗೆದು ಸಲಾಮು ಹೊಡೆದು ವಾಪಸಾಗುತ್ತಿದ್ದರು.

ಆ ಕಾರು ೧೯೬೯ರದು, ತಿಳಿನೀಲಿ ಬಣ್ಣದ್ದು. ಎರಡೇ ಬಾಗಿಲು. ಮುಂದುಗಡೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಉದ್ದನೆಯ ಸೀಟು. ಕ್ಯಾಜನ ಸಂಸಾರ ಹುಟ್ಟಿದ್ದೇ ಆ ಸೀಟಿನ ಮೇಲೆ. ಆಗ ನಮ್ಮೂರ ಹುಡುಗಿಯರಲ್ಲಿ ಒಂದು ಕಟ್ಟಳೆ ಇತ್ತು. ಕಾರು ಹತ್ತಿದವಳಿಗೆ ಹುಡುಗ ಹಿಡಿಸಲಿಲ್ಲವೋ, ಬಾಗಿಲಿಗೆ ಅಂಟಿಕೊಂಡು ಕೂರುತ್ತಿದ್ದಳು. ಹಿಡಿಸಿದನೋ, ಸದ್ದಿಲ್ಲದೆ ಸೀಟಿನ ನಡುವಿಗೆ ಸರಿಯುತ್ತಿದ್ದಳು. ಎಷ್ಟೋ ಹುಡುಗರು ಊರಿನ ಈ ತುದಿಯಿಂದ ಆ ತುದಿಗೆ ಪೆಟ್ರೋಲು ಸುಟ್ಟು, ಬಾಗಿಲಿಗಂಟಿದ ಹುಡುಗಿಯನ್ನು ಬಾಗಿಲಿಗಂಟಿದಂತೆಯೇ ಮನೆಗೆ ಬಿಟ್ಟು ಬಂದದ್ದುಂಟು. ಹೋಟೆಲಿನಲ್ಲಿ ಬಡಿಸುತ್ತಿದ್ದ ಲೊರೆಟಾ ಮಾತ್ರ ಕ್ಯಾಜನ ಕಾರು ಹತ್ತಿದ ಮೊದಲ ಶನಿವಾರವೇ, ಎರಡನೆಯ ಸಿಗ್ನಲ್ ದಾಟುವುದರೊಳಗೆ ನಡುವಿಗೆ ಸರಿದಳು. ಅವನು ಗೇರು ಹಾಕಲು ಜಾಗವಿಲ್ಲದೆ ಒಂದು ಗಂಟೆ ದಾರಿಯ ಟೊಲೆಡೊವರೆಗೂ ಎರಡನೆಯ ಗೇರಿನಲ್ಲೇ ಹೋದ ಎಂದು ಹೇಳುತ್ತಾರೆ. ನಾನು ಟೊಲೆಡೊ ಎಂದೆ. ಅವನು ಹೇಳುವಾಗ ಅದು ನಾಲ್ಕೈದು ಪಾಲು ದೂರದ ಚಿಕಾಗೊ.

ಮದುವೆಯಾಯಿತು, ಮಗು ಬಂತು, ಎರಡು ಬಾಗಿಲಿನ ಕಾರು ಮಾರಿಹೋಯಿತು. ಆಮೇಲೆ ಕ್ಯಾಜ್ ಕಾರ್ಖಾನೆಯಲ್ಲಿ ನಿಂತು ತಗಡು ಒತ್ತಿ ಬಾಗಿಲು ಮಾಡುವ ಕೆಲಸದಲ್ಲಿ ಬಾಳು ಕಳೆದ. ಈ ಭೂಮಿಯ ಮೇಲೆ ತೆರೆದು ಮುಚ್ಚುವ ಕಾರಿನ ಬಾಗಿಲುಗಳಲ್ಲಿ ಅರ್ಧ ಅವನು ಒತ್ತಿದವು. ನಿವೃತ್ತನಾಗಿ, ಇನ್ನು ಹೆಂಡತಿಯ ಜೊತೆ ಕೂತು ಉಣ್ಣೋಣ ಎನ್ನುವ ಹೊತ್ತಿಗೆ ಲೊರೆಟಾಳ ತಲೆಯಿಂದ ದಿನಗಳು ಒಂದೊಂದಾಗಿ ಸೋರಲು ಶುರುವಾದವು. ಹತ್ತಿರದವು ಮೊದಲು ಹೋದವು, ದೂರದವು ಉಳಿದವು. ಬೆಳಗಿನ ಕಾಫಿಯ ಹೊತ್ತಿಗೆ ಕ್ಯಾಜ್ ಅವಳಿಗೆ ಗಂಡ. ಮಧ್ಯಾಹ್ನಕ್ಕೆ ಎಲ್ಲೋ ನೋಡಿದ ಮುಖ. ಸಂಜೆಗೆ, ಕೆಲವು ಸಲ, ಯಾರೂ ಅಲ್ಲ. ಹಳೆಯ ಕಾಲದ ವಸ್ತುಗಳನ್ನು ಕಣ್ಣೆದುರು ಇಡಿ, ಅವು ಒಂದಿಷ್ಟು ಹಿಡಿದು ನಿಲ್ಲಿಸುತ್ತವೆ ಎಂದು ಡಾಕ್ಟರು ಹೇಳಿದರು. ಅವರ ಮನಸ್ಸಿನಲ್ಲಿ ಇದ್ದದ್ದು ಫೋಟೊ, ಹಾಡು, ಅಂಥವು. ಕ್ಯಾಜನ ಮನಸ್ಸಿಗೆ ಬಂದದ್ದು ಒಂದೇ.

ನಮ್ಮ ಕಡೆ ನಿವೃತ್ತನಾದ ಗಂಡಸು ವಾರದ ಕೊನೆಗೆ ಆಡಲು ಒಂದು ಮಸಲ್ ಕಾರು ಕೊಳ್ಳುವುದು ಹೊಸದೇನಲ್ಲ. ಪುಟ್ಟ ಮೈ, ರಾಕ್ಷಸ ಎಂಜಿನ್. ಹಳೆಯದು ಕೊಳ್ಳಬೇಕೋ ಹೊಸದು ಕೊಳ್ಳಬೇಕೋ ಎನ್ನುವುದರಲ್ಲಿ ಮಾತ್ರ ಊರು ಎರಡು ಹೋಳಾಗಿದೆ. ಈ ಜಗಳದಲ್ಲಿ ಮದುವೆಗಳು ಮುರಿದಿವೆ, ಶವಪೆಟ್ಟಿಗೆ ಹೊತ್ತವರು ಅದನ್ನು ಕೆಳಗಿಟ್ಟು ವಾದ ಮುಗಿಸಿ ಮತ್ತೆ ಎತ್ತಿದ್ದಾರೆ. ಕ್ಯಾಜನ ಜೊತೆ ಕಾರ್ಖಾನೆಯಲ್ಲಿ ದುಡಿದ ಸ್ಟಾಶ್ ಬಿಯೆಲಾಕ್ ಹೊಸದರ ಪಕ್ಷ. ಅವನ ಬಳಿ ಹೊಚ್ಚಹೊಸ ಕೆಂಪು ಕ್ಯಾಮರೊ ಕಾರು ಇತ್ತು. ಹಳೆಯವು ಮೂರು ಸಲ ಕೆಟ್ಟು ಒಂದು ಸಲ ಓಡುತ್ತವೆ, ಬ್ರೇಕು ಒತ್ತಿದರೆ ಅರ್ಜಿ ಹಾಕಿದ ಹಾಗೆ, ನಿಲ್ಲಿಸುವುದೂ ಬಿಡುವುದೂ ಅವುಗಳ ಚಿತ್ತ ಎಂದು ಅವನು ಹೇಳುತ್ತಿದ್ದ. ಕ್ಯಾಜ್ ಎಲ್ಲ ಕೇಳಿ, ತನಗೆ ಬೇಕಾದ್ದು ಓಟವೂ ಅಲ್ಲ, ಬ್ರೇಕೂ ಅಲ್ಲ, ಶನಿವಾರ ಒಂದು ದಿನ ಲೊರೆಟಾ ಸಂಜೆಯವರೆಗೂ ತನ್ನನ್ನು ಗುರುತು ಹಿಡಿದಿದ್ದರೆ ಸಾಕು ಎಂದ. ಸ್ಟಾಶ್ ಕ್ಯಾಮರೊದ ಕೀಲಿ ಅವನ ಕೈಗೆ ಕೊಟ್ಟ. ಮೊದಲು ಇದರಲ್ಲಿ ಕೂರಿಸಿ ನೋಡು ಎಂದ.

ಆ ಶನಿವಾರ ಕ್ಯಾಜ್ ಅವಳನ್ನು ನದಿಯ ನಡುವಿನ ಬೆಲ್ ಐಲ್ ದ್ವೀಪದವರೆಗೆ ಕರೆದೊಯ್ದ. ಲೊರೆಟಾ ಕೂತದ್ದೇ ತಡ, ಸೀಟು ತಾನಾಗಿಯೇ ಮುಂದೆ ಜರುಗಿತು. ಎದುರಿನ ಪರದೆ ಹೊತ್ತಿಕೊಂಡಿತು. ಕಾಣದ ಹೆಂಗಸೊಬ್ಬಳು 'ಬಲಕ್ಕೆ ತಿರುಗಿ' ಎಂದಳು. ಲೊರೆಟಾ ಬೆಚ್ಚಿ, ಎರಡು ಸೀಟುಗಳ ನಡುವೆ ಎದ್ದು ನಿಂತ ಗೂಡಿನ ಮೇಲಿಂದ ಕೈಚಾಚಿ ಗಂಡನ ತೋಳನ್ನು ಹಿಡಿದಳು.

"ಕ್ಯಾಜ್, ಯಾರ ಕಾರಿದು? ಅವಳ್ಯಾರು ಮಾತಾಡ್ತಿರೋದು?"

"ಸ್ಟಾಶಂದು ಕಣೆ. ಅವಳು ಯಾರೂ ಅಲ್ಲ, ಮೆಷೀನು."

"ನನ್ನ ಇಲ್ಲಿ ಒಬ್ಬಳನ್ನೇ ಬಿಟ್ಟು ಇಳೀಬೇಡ ನೀನು."

ಹೋಗುವಾಗಲೂ ಬರುವಾಗಲೂ ಅವಳು ಆ ತೋಳು ಬಿಡಲಿಲ್ಲ. ನದಿಯ ದಡದಲ್ಲಿ ಐಸ್‌ಕ್ರೀಮ್ ತಿನ್ನುವಾಗಲೂ ಬಿಡದೆ, ಅದು ಕರಗಿ ಇಬ್ಬರ ಮೊಣಕೈಗೂ ಇಳಿಯಿತು. ಸಂಜೆ ಮನೆಗೆ ಬಂದು ಬಾಗಿಲು ತೆಗೆಯುವವರೆಗೂ ಕ್ಯಾಜ್, ಕ್ಯಾಜ್ ಎಂದು ಕರೆಯುತ್ತಲೇ ಇದ್ದಳು. ಕ್ಯಾಜ್ ಮಾತ್ರ ಕೀಲಿ ವಾಪಸು ಕೊಡುವಾಗ ಕೆಲಸ ಕೆಟ್ಟಿತು ಎಂದ. ಅವಳು ಹೆದರಿ ಸಾಯುತ್ತಾಳೆ, ಈ ಗಾಡಿಯಲ್ಲಿ ಅವಳು ಕಂಡ ವಸ್ತು ಒಂದೂ ಇಲ್ಲ ಎಂದ. ನೀನಿದ್ದೆಯಲ್ಲ ಎಂದು ಹೇಳಲು ಸ್ಟಾಶ್ ಬಾಯಿ ತೆರೆದ. ಕ್ಯಾಜ್ ಆಗಲೇ ಗೇಟು ದಾಟಿದ್ದ.

ಹಳೆಯದರ ಬೇಟೆ ಶುರುವಾಯಿತು. ಹಳೆಯ ಗಾಡಿಯವರಿಗೆ ಒಂದು ಮಂತ್ರವಿದೆ: ನಂಬರ್ ಕೂಡಬೇಕು. ಕಾರಿನ ಮೈಮೇಲೆ ಕೆತ್ತಿದ ನಂಬರೇ ಎಂಜಿನ್ ಮೇಲೂ ಇರಬೇಕು, ಗೇರ್‌ಬಾಕ್ಸ್ ಮೇಲೂ ಇರಬೇಕು. ಹುಟ್ಟಿದಾಗ ಯಾವುದರ ಜೊತೆ ಯಾವುದಿತ್ತೋ ಅದರ ಜೊತೆಗೇ ಅದಿರಬೇಕು. ಕೂಡಿದರೆ ಗಾಡಿ ಬಂಗಾರ. ಕೂಡದಿದ್ದರೆ, ಎಷ್ಟೇ ಹೊಳೆಯಲಿ, ಬೆರಕೆ. ಜಾತಕ ನೋಡುವವರೂ ಇಷ್ಟು ಕಟ್ಟುನಿಟ್ಟಿಲ್ಲ. ಕ್ಯಾಜ್ ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು ಮಿಶಿಗನ್, ಒಹಾಯೊ, ಇಂಡಿಯಾನಾಗಳ ಕೊಟ್ಟಿಗೆಗಳನ್ನೆಲ್ಲ ಹೊಕ್ಕ. ಎಂಜಿನ್ನುಗಳ ಅಡಿಯಲ್ಲಿ ಅವನು ಮಲಗಿದಷ್ಟು ಹೊತ್ತು ಹಾಸಿಗೆಯಲ್ಲಿ ಮಲಗಿರಲಿಕ್ಕಿಲ್ಲ. ಕೊನೆಗೆ ಒಬ್ಬ ರೈತನ ಹುಲ್ಲು ತುಂಬಿದ ಕೊಟ್ಟಿಗೆಯಲ್ಲಿ, ಹೆಗ್ಗಣಗಳ ಇಡೀ ಸಾಮ್ರಾಜ್ಯವನ್ನು ಒಕ್ಕಲೆಬ್ಬಿಸಿದ ಮೇಲೆ ಸಿಕ್ಕಿತು: ಅಂಥದೇ ಇನ್ನೊಂದು ೧೯೬೯ರ ಶೆವೆಲ್, ತಿಳಿನೀಲಿ, ಉದ್ದ ಸೀಟು, ನಂಬರು ಎಲ್ಲ ಕೂಡಿದ್ದು.

ಸ್ಟಾಶ್ ಬಂದು ಸುತ್ತು ಹಾಕಿ ನೋಡಿದ. ಕ್ಲಚ್ಚು ಕತ್ತೆ ಒದ್ದ ಹಾಗಿದೆ, ನಿನ್ನ ಎಡ ಮೊಣಕಾಲು ಒಂದು ಬೇಸಿಗೆಯನ್ನೂ ತಡೆಯುವುದಿಲ್ಲ ಎಂದ.

"ಮೊಣಕಾಲು ಹೋಗ್ಲಿ ಬಿಡೋ," ಎಂದ ಕ್ಯಾಜ್. "ಹೊಸದಕ್ಕೆ ನೆನಪು ಅನ್ನೋದೇ ಇಲ್ಲ. ಇದಕ್ಕೆ ಎಲ್ಲಾ ನೆನಪಿದೆ."

ಮುಂದಿನ ಶನಿವಾರ ಅವನು ಗಾಡಿ ತೊಳೆದು ಮನೆಯ ಮುಂದೆ ನಿಲ್ಲಿಸಿ, ಆಕ್ಸಿಲರೇಟರನ್ನು ಎರಡು ಸಲ ತುಳಿದು ಕೀಲಿ ತಿರುವಿದ. ಬೀದಿಯ ಕಿಟಕಿಗಳು ನಡುಗಿದವು, ಮೂರು ಮನೆ ಆಚೆ ಮಲಗಿದ್ದ ಬೆಕ್ಕು ಮರ ಹತ್ತಿ ಇವತ್ತಿಗೂ ಇಳಿದಿಲ್ಲ. ಲೊರೆಟಾ ಬಾಗಿಲಿಗೆ ಬಂದಳು. ನಿಂತಳು. ಅವಳ ಮುಖದಲ್ಲಿ ಯಾರೋ ಪರದೆ ಸರಿಸಿದಂತಾಯಿತು. ಊರುಗೋಲು ಮೆಟ್ಟಿಲ ಮೇಲೆ ಬಿಟ್ಟು, ಓಡಿದಳೆಂದರೆ ಓಡಿದಳು, ಬಾಗಿಲು ತೆಗೆದು ಹತ್ತಿ ಕೂತಳು. ಕೂತು, ಕೈಯಿಂದ ಸೀಟು ಸವರಿ, ನಡುವಿಗೆ ಸರಿದಳು.

ಊರುಗೋಲು ತೆಗೆದಿಡಲು ಇಳಿದ ಕ್ಯಾಜ್ ಸುತ್ತಿ ಬಂದು ಮತ್ತೆ ಒಳಗೆ ಕೂತ. ಲೊರೆಟಾ ಅವನ ಕಡೆ ತಿರುಗಿ ನೋಡಿದಳು. ಮೆಲ್ಲಗೆ ಜರುಗಿ ಜರುಗಿ ಆ ತುದಿಯ ಬಾಗಿಲಿಗೆ ಅಂಟಿಕೊಂಡಳು.

"ಯಜಮಾನ್ರೇ," ಎಂದಳು, "ಇದು ಕ್ಯಾಜ್ ಗಾಡಿ. ನೀವು ಇಳೀರಿ. ಅವನು ನೋಡಿದ್ರೆ ಸುಮ್ನೆ ಬಿಡಲ್ಲ."

ಇಷ್ಟು ವರ್ಷ ಬೈದರೂ ಮುದ್ದಿಸಿದರೂ 'ನೀನು' ಎಂದವಳ ಬಾಯಲ್ಲಿ ಆ 'ನೀವು' ಅಷ್ಟು ಮರ್ಯಾದೆಯಾಗಿತ್ತು. ನಾನೇ ಕಣೆ ಕ್ಯಾಜ್ ಎಂದ ಅವನು. ಅವಳು ನಕ್ಕಳು. ಅವನ ಬೋಳು ತಲೆ, ಕತ್ತಿನ ಜೋತ ಚರ್ಮ, ಸ್ಟಿಯರಿಂಗಿನ ಮೇಲಿನ ಕಲೆಬಿದ್ದ ಕೈ, ಎಲ್ಲವನ್ನೂ ನೋಡಿ ನಕ್ಕಳು. ಅವನು ಮತ್ತೊಮ್ಮೆ ಅದನ್ನೇ ಹೇಳಿದಾಗ ನಗು ಹೋಗಿ ಹೆದರಿಕೆ ಬಂತು, ಕೈ ಬಾಗಿಲಿನ ಹಿಡಿಗೆ ಹೋಯಿತು. ಕಾರಿನಲ್ಲಿ ಎಲ್ಲದರ ನಂಬರೂ ಕೂಡಿತ್ತು. ಓಡಿಸುವವನದು ಒಂದು ಕೂಡಿರಲಿಲ್ಲ.

ಆಗ ಕ್ಯಾಜ್ ಸುಳ್ಳು ಹೇಳಿದ. ತಾನು ಗ್ಯಾರೇಜಿನವನು, ಬ್ರೇಕು ನೋಡಿಯಾಯಿತು, ಗಾಡಿಯನ್ನು ಕ್ಯಾಜನಿಗೆ ಒಪ್ಪಿಸಲು ಹೊರಟಿದ್ದೇನೆ, ಬರುವುದಾದರೆ ಬರಲಿ ಎಂದ. ಲೊರೆಟಾಳ ಕೈ ಬಾಗಿಲಿನ ಹಿಡಿ ಬಿಟ್ಟಿತು. ಮೊದಲೇ ಹೇಳಬಾರದೇ, ಪಾಪ ನಿಮ್ಮನ್ನು ಬೈದೆ ಎಂದಳು.

ಹಳೆಯ ಗಾಡಿಗಳನ್ನು ನೋಡಲೆಂದೇ ವುಡ್‌ವರ್ಡ್ ರಸ್ತೆಯ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿ ಕೂತ ಮುದುಕರೆಲ್ಲ ಶೆವೆಲ್ ನೋಡಿ ಎದ್ದು ನಿಂತು ಕೈ ಎತ್ತಿದರು. ರಾಜನ ಮೆರವಣಿಗೆಗೂ ಅಂಥ ಗೌರವ ಸಿಕ್ಕಿರಲಾರದು. ಲೊರೆಟಾ ಅವರ್ಯಾರನ್ನೂ ನೋಡಲಿಲ್ಲ. ಕಿಟಕಿಗೆ ಮುಖವಿಟ್ಟು, ಫುಟ್‌ಪಾತಿನಲ್ಲಿ ನಡೆಯುವ ಒಬ್ಬೊಬ್ಬ ಹುಡುಗನನ್ನೂ ನೋಡುತ್ತಾ ಬಂದಳು. ಅವನಲ್ಲ, ಅವನಲ್ಲ ಎನ್ನುತ್ತಾ ಬಂದಳು. ಕ್ಯಾಜ್ ಮೊಣಕಾಲು ಅದುಮಿಕೊಂಡು ಗೇರು ಬದಲಿಸುತ್ತಾ ಬಂದ. ಈ ಸಲ ಗೇರು ಹಾಕಲು ಬೇಕಾದಷ್ಟು ಜಾಗವಿತ್ತು.

ಅಲ್ಲಿಗೆ ಮುಗಿದಿದ್ದರೆ ಒಂದು ಶನಿವಾರ ಹೋಯಿತು ಎನ್ನಬಹುದಿತ್ತು. ಭಾನುವಾರ ಬೆಳಗ್ಗೆ ಕಾಫಿಯ ಹೊತ್ತಿಗೆ, ಅಂದರೆ ಕ್ಯಾಜ್ ತಪ್ಪದೆ ಗಂಡನಾಗಿರುತ್ತಿದ್ದ ಹೊತ್ತಿಗೆ, ಲೊರೆಟಾ ಅಡುಗೆಮನೆಯ ಬಾಗಿಲಲ್ಲಿ ನಿಂತು, ಗ್ಯಾರೇಜಿನವರು ಇಷ್ಟು ಬೇಗ ಬಂದಿರಾ ಎಂದು ಕೇಳಿದಳು. ಆಮೇಲಿನ ದಿನಗಳಲ್ಲಿ ಬೆಳಗೂ ಹಾಗೆಯೇ ಆಯಿತು, ಮಧ್ಯಾಹ್ನವೂ ಹಾಗೆಯೇ. ಸ್ಟಾಶ್ ಬಂದು, ಮತ್ತೊಮ್ಮೆ ಹೊಸದರಲ್ಲಿ ಕೂರಿಸು, ಅಲ್ಲಿ ಅವಳು ನಿನ್ನ ಹೆಸರು ಕರೆಯುತ್ತಿದ್ದಳಲ್ಲವೇ ಎಂದ. ಆಗ ಕ್ಯಾಜನಿಗೆ ಹೊಳೆಯಿತು. ಹೊಸ ಗಾಡಿಯಲ್ಲಿ ಎಲ್ಲವೂ ಅಪರಿಚಿತ, ಅವನೊಬ್ಬನೇ ಪರಿಚಿತ. ಹಿಡಿದುಕೊಳ್ಳಲು ಅವಳಿಗೆ ಬೇರೆ ಏನೂ ಇರಲಿಲ್ಲ. ಹಳೆಯದರಲ್ಲಿ ಎಲ್ಲವೂ ಪರಿಚಿತ. ಅದನ್ನು ಕೊಟ್ಟಿಗೆ ಕೊಟ್ಟಿಗೆ ಅಲೆದು, ನಂಬರು ಓದಿ ಓದಿ, ಅವನೇ ಮನೆಗೆ ತಂದಿದ್ದ. ಬಾಳಿನಲ್ಲಿ ಅತ್ತವನಲ್ಲ ಕ್ಯಾಜ್. ಅವತ್ತು ಅವನು ಅತ್ತ ನೀರಿಗೆ ನಮ್ಮೂರ ನದಿ ದಡ ಮೀರಿತು ಎಂದು ಹೇಳಬಲ್ಲೆ, ಆದರೆ ಸ್ಟಾಶ್ ಕಂಡಂತೆ ಅವನು ಕಾಫಿ ಲೋಟವನ್ನು ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆದ, ಅಷ್ಟೇ.

ಕೆಂಪು ಕ್ಯಾಮರೊ ಬಂತು. ಲೊರೆಟಾ ಹತ್ತಲಿಲ್ಲ. ನಮ್ಮ ಹುಡುಗನ ಗಾಡಿ ನೀಲಿ ಎಂದು ಒಳಗೆ ಹೋದಳು. ಶೆವೆಲ್ ಮಾರಿಬಿಡೋಣ ಎಂದುಕೊಂಡು ಕ್ಯಾಜ್ ಅದನ್ನು ಒಂದು ದಿನ ಸ್ಟಾಶ್‌ನ ಹಿತ್ತಲಿನಲ್ಲಿ ಅಡಗಿಸಿಟ್ಟರೆ, ಅವಳು ಕಿಟಕಿ ಬಿಟ್ಟು ಅಲುಗಲಿಲ್ಲ, ಊಟ ಮುಟ್ಟಲಿಲ್ಲ. ಮಾರುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಶನಿವಾರ ಬಂದರೆ ಗ್ಯಾರೇಜಿನವನು ಗಾಡಿ ತರುತ್ತಿದ್ದ, ಅವಳು ತುಟಿಗೆ ಬಣ್ಣ ಹಚ್ಚಿ ಬಂದು ಬಾಗಿಲಿಗೆ ಅಂಟಿ ಕೂರುತ್ತಿದ್ದಳು. ಗಂಡನಾಗಿ ಅಲ್ಲದಿದ್ದರೂ ಪಕ್ಕದಲ್ಲಿ ಕೂತಿರುತ್ತೇನಲ್ಲ ಎಂದು ಕ್ಯಾಜ್ ಅದಕ್ಕೂ ಒಗ್ಗಿಕೊಂಡ.

ಎಲೆ ಉದುರುವ ಕಾಲದ ಒಂದು ಶನಿವಾರ, ವಾಪಸು ಬರುವ ದಾರಿಯಲ್ಲಿ, ಅವಳು ಕಿಟಕಿಯಿಂದ ಮುಖ ತಿರುಗಿಸಿದಳು.

"ಯಜಮಾನ್ರೇ, ನೀವು ಕ್ಯಾಜ್‌ನ ನೋಡ್ತೀರಲ್ಲ?"

"ನೋಡ್ತೀನಮ್ಮ."

"ನಾನು ಕಾದೆ ಅಂತ ಹೇಳಿ ಅವನಿಗೆ. ಪ್ರತಿ ವಾರ ಗಾಡಿ ಬರುತ್ತೆ, ಅವನು ಬರಲ್ಲ. ನಿಮ್ಮ ಕೈಲಿ ಕಳಿಸಿ ಕೂತ್ಕೋತಾನೆ. ಅವನಿಗೆ ಮನಸ್ಸಿಲ್ಲ ಅಂತ ನನಗೆ ತಿಳೀತು."

"ಅವನಿಗೆ ಮನಸ್ಸಿದೆ."

"ನೀವು ಒಳ್ಳೆಯವರು, ಹಾಗಂತೀರ." ಅವಳು ಕೈಚೀಲದ ಬಾಯಿ ಮುಚ್ಚಿದಳು. "ಇನ್ಮೇಲೆ ಬರಲ್ಲ ನಾನು. ಅವನನ್ನ ಬಿಟ್ಟೆ ಅಂತ ಹೇಳ್ಬಿಡಿ."

ಅವನು ಹೇಳುತ್ತೇನೆ ಎಂದ. ಬೇರೆ ಏನು ಹೇಳುವುದಕ್ಕೂ ಅವನು ಕ್ಯಾಜ್ ಆಗಿರಬೇಕಿತ್ತು.

ಲೊರೆಟಾ ಏನೇನನ್ನೋ ಮರೆತಳು. ಈ ಒಂದು ಮಾತನ್ನು ವಾರವಿಡೀ ಮರೆಯಲಿಲ್ಲ. ಮುಂದಿನ ಶನಿವಾರ ಶೆವೆಲ್ ಮನೆಯ ಮುಂದೆ ನಿಂತು ಗುಡುಗಿದಾಗ ಅವಳು ಕಿಟಕಿಗೆ ಬಂದಳು, ಗಾಡಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು, ಪರದೆ ಎಳೆದಳು. ಕ್ಯಾಜ್ ಮತ್ತೊಮ್ಮೆ ಕಾಲೊತ್ತಿದ. ಪರದೆ ಅಲುಗಲಿಲ್ಲ. ಅವನು ಎಂಜಿನ್ ಆರಿಸಿ ಇಳಿದು, ಕುಂಟುತ್ತಾ ಮೆಟ್ಟಿಲು ಹತ್ತಿದ. ಮನೆ ಅವನದೇ, ಕೀಲಿಯೂ ಜೇಬಿನಲ್ಲೇ ಇತ್ತು. ಆದರೆ ಹುಡುಗಿ ಒಬ್ಬಳೇ ಇರುವ ಮನೆಗೆ ಗ್ಯಾರೇಜಿನವನು ಹಾಗೆ ನುಗ್ಗಿದರೆ ಅವಳು ಹೆದರುತ್ತಾಳೆ. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದು, ತನ್ನ ಮನೆಯ ಕರೆಗಂಟೆ ಒತ್ತಿ, ಒಂದು ಹೆಜ್ಜೆ ಹಿಂದೆ ಸರಿದು ನಿಂತ.